ಬಲತಿರುವಿನಲ್ಲಿ ಮಾತ್ರ ಎಂಜಿನ್ ಶಕ್ತಿ ಕುಸಿಯುತ್ತಿದೆಯೆ? ಸ್ಪರ್ಧೆಗೆ ಸಜ್ಜಾದ ಕಾರಿನ ಇಎಸ್‌ಸಿ ದೋಷ ನಿವಾರಣೆ

ಕೊಯ್ಲು ಮುಗಿದ ಗದ್ದೆಯಲ್ಲಿ ಆಟೊಕ್ರಾಸ್, ಅಂದರೆ ಮಣ್ಣಿನ ಮೇಲಿನ ಕಾರು ಸ್ಪರ್ಧೆ, ಓಡಿಸುವುದು ದಕ್ಷಿಣ ಕೊಡಗಿನವರಿಗೆ ಹೊಸ ಸಂಗತಿಯಲ್ಲ. ಜಿಪ್ಸಿ, ಎಸ್ಟೀಮ್‌ಗಳ ಕಾಲದಲ್ಲಿ ಕಾರು ಸಜ್ಜುಗೊಳಿಸುವುದೆಂದರೆ ಸಸ್ಪೆನ್ಷನ್, ಟೈರು, ಕಾರ್ಬುರೇಟರ್ ಇಷ್ಟನ್ನು ನೋಡಿಕೊಂಡರೆ ಸಾಕಾಗುತ್ತಿತ್ತು. ಈಗ ಷೋರೂಮಿನಿಂದ ಬರುವ ಎಷ್ಟೋ ಕಾರುಗಳಲ್ಲಿ, ಕಾರು ಜಾರಿದಾಗ ತಾನೇ ಬ್ರೇಕ್ ಹಾಕಿ ಎಂಜಿನ್ ಶಕ್ತಿ ತಗ್ಗಿಸುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ, ಮೊದಲೇ ಕೂತಿರುತ್ತದೆ. ಅಂಥ ಕಾರಿನ ಟೈರು, ಸ್ಪ್ರಿಂಗ್, ಬ್ರೇಕ್ ಪ್ಯಾಡು, ಡಿಫರೆನ್ಷಿಯಲ್ ಎಲ್ಲವನ್ನೂ ಬದಲಿಸಿದ ಮೇಲೂ ಇಎಸ್‌ಸಿ ತನಗೆ ಕಾರ್ಖಾನೆಯಲ್ಲಿ ಕಲಿಸಿದ ಕಾರನ್ನೇ ನೆನಪಿಟ್ಟುಕೊಂಡು ಕೆಲಸ ಮಾಡುತ್ತಿರುತ್ತದೆ. ನಮ್ಮ ಕಾರಿನಲ್ಲಿ ಬಂದ ದೋಷದ ಬೇರು ಅಲ್ಲಿಯೇ ಇತ್ತು; ಆದರೆ ಅದನ್ನು ಕಂಡುಕೊಳ್ಳುವ ಮೊದಲು ನಾವು ದಾರಿ ತಪ್ಪಿದ್ದೆವು. ಬೇರೆಯವರು ಅದೇ ದಾರಿ ಹಿಡಿಯಬಾರದೆಂದು, ದೋಷ ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ದೂರು

ಮುಂಗಾಲಿ ಚಾಲನೆಯ (ಎಂಜಿನ್ ಶಕ್ತಿ ಮುಂದಿನ ಗಾಲಿಗಳಿಗೆ ಹೋಗುವ) ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು ಅದು. ಒಳಗಿನ ಸೀಟು, ಕಾರ್ಪೆಟ್, ಕನ್ಸೋಲ್ ತೆಗೆದು ರೋಲ್ ಕೇಜ್ ಬೆಸೆದಿದ್ದೆವು. ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್, ಒಂದು ಗಾಲಿ ಜಾರಿದರೂ ಇನ್ನೊಂದಕ್ಕೆ ಶಕ್ತಿ ತಲುಪಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಗಟ್ಟಿ ಬ್ರೇಕ್ ಪ್ಯಾಡು, ಮಣ್ಣಿಗೆಂದೇ ಮಾಡಿದ ಟೈರು ಹಾಕಿ, ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆವು. ಮೊದಲ ಅಭ್ಯಾಸದಲ್ಲಿಯೇ ತೊಂದರೆ ಕಾಣಿಸಿತು. ಬಲಕ್ಕೆ ತಿರುಗಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ಉಸಿರು ಕಟ್ಟಿದಂತೆ ಸೊರಗುತ್ತಿತ್ತು, ಹಿಂಭಾಗದ ಬಲ ಮೂಲೆಯಿಂದ ಬ್ರೇಕ್ ಹಿಡಿದ ಸದ್ದು ಬರುತ್ತಿತ್ತು, ಮೀಟರಿನಲ್ಲಿ ಇಎಸ್‌ಸಿಯ ಹಳದಿ ದೀಪ ಮಿಣುಕುತ್ತಿತ್ತು. ಅದೇ ವೇಗದಲ್ಲಿ ಎಡಕ್ಕೆ ತಿರುಗಿದರೆ ಕಾರು ತಕರಾರಿಲ್ಲದೆ ಹೋಗುತ್ತಿತ್ತು. ಏಳೆಂಟು ಸುತ್ತುಗಳಾದ ಮೇಲೆ ಮಿಣುಕುತ್ತಿದ್ದ ದೀಪ ಸ್ಥಿರವಾಗಿ ಉರಿಯತೊಡಗಿತು, ಅದರ ಜೊತೆಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ತಿರುಗದೆ ಜಾರುವುದನ್ನು ತಡೆಯುವ ವ್ಯವಸ್ಥೆ) ದೀಪವೂ ಹತ್ತಿಕೊಂಡಿತು.

ಪಕ್ಕದಲ್ಲಿದ್ದ ಮೆಕ್ಯಾನಿಕ್ ಹುಡುಗ ಒಳ್ಳೆಯ ಮನಸ್ಸಿನಿಂದಲೇ, “ಆ ಫ್ಯೂಸ್ ಕಿತ್ತುಬಿಡಿ ಅಣ್ಣ, ಕಾಟವೇ ಇರಲ್ಲ” ಎಂದ. ನಾನು ಒಪ್ಪಿದೆ. ಹಿಂದಿನ ದಿನ ಹೂಮಳೆ ಬಿದ್ದಿದ್ದರಿಂದ ತೋಟದೊಳಗಿನ ಇಳಿಜಾರು ರಸ್ತೆಯ ಕೆಂಪುಮಣ್ಣು ಇನ್ನೂ ಹಸಿಯಾಗಿತ್ತು. ಮೊದಲ ಬಾರಿ ಗಟ್ಟಿಯಾಗಿ ಬ್ರೇಕ್ ಒತ್ತಿದ ಕೂಡಲೇ ಎರಡೂ ಹಿಂಗಾಲಿಗಳು ಕಟ್ಟಿಕೊಂಡು ತಿರುಗದೆ ಜಾರಿದವು, ಕಾರು ಅರ್ಧ ಸುತ್ತು ತಿರುಗಿ ಗದ್ದೆಯ ಬದುವಿಗೆ ಹಿಂಬದಿಯನ್ನು ತಗುಲಿಸಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನ ಮೀಟರಿನಲ್ಲಿ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದುದನ್ನು ನಾನು ನೋಡಿಯೂ ನೋಡದವನಂತೆ ಹೊರಟಿದ್ದೆ, ಮತ್ತು ಇಡೀ ಕೈಪಿಡಿಯಲ್ಲಿ ನಾನು ಮೊದಲು ಹೇಳಬೇಕಾದ ಮಾತು ಆ ಕೆಂಪು ದೀಪದ ಕುರಿತೇ ಇದೆ.

ಫ್ಯೂಸ್ ಏಕೆ ಕೀಳಬಾರದು

ಇಎಸ್‌ಸಿಗೆ ಪ್ರತ್ಯೇಕವಾದ ಯಂತ್ರವಿಲ್ಲ. 1978ರಲ್ಲಿ ಮಾರುಕಟ್ಟೆಗೆ ಬಂದ ಎಬಿಎಸ್‌ನ ಮೇಲೆಯೇ 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಸ್ಟೆಬಿಲಿಟಿ ಕಂಟ್ರೋಲನ್ನು ಕಟ್ಟಿದವು. ನಾಲ್ಕು ಗಾಲಿಗೆ ಎರಡೆರಡರಂತೆ ಎಬಿಎಸ್‌ನಲ್ಲಿ ಇದ್ದ 8 ವಾಲ್ವುಗಳ ಜೊತೆಗೆ, ಚಾಲಕ ಪೆಡಲ್ ಒತ್ತದಿದ್ದಾಗಲೂ ಪಂಪು ತಾನೇ ಒತ್ತಡ ಕಟ್ಟಲು ಬೇಕಾದ 4 ವಾಲ್ವುಗಳನ್ನು ಸೇರಿಸಿದಾಗ 12 ವಾಲ್ವುಗಳ ಘಟಕವಾಯಿತು. ಹಿಂಗಾಲಿಗೆ ಎಷ್ಟು ಬ್ರೇಕ್ ಹೋಗಬೇಕೆಂದು ತೀರ್ಮಾನಿಸುವ ಇಬಿಡಿ ಎಂಬ ಕೆಲಸವೂ ಇದೇ ಘಟಕದ ಪಾಲಿಗೆ ಬಂದಿದೆ. ಹಳೆಯ ಕಾರುಗಳಲ್ಲಿ ಹಿಂಗಾಲಿಯ ಒತ್ತಡವನ್ನು ತಗ್ಗಿಸಲು ಲೋಹದ ಪ್ರೊಪೋರ್ಷನಿಂಗ್ ವಾಲ್ವ್ ಇರುತ್ತಿತ್ತು. ಇಬಿಡಿ ಬಂದ ಮೇಲೆ ಬಹುತೇಕ ಕಾರುಗಳಿಂದ ಅದನ್ನು ತೆಗೆದುಹಾಕಲಾಯಿತು. ಆದ್ದರಿಂದ ಫ್ಯೂಸ್ ಕಿತ್ತರೆ ಇಎಸ್‌ಸಿ ಒಂದೇ ಹೋಗುವುದಿಲ್ಲ, ಎಬಿಎಸ್ ಹೋಗುತ್ತದೆ, ಇಬಿಡಿಯೂ ಹೋಗುತ್ತದೆ, ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿ ಹಗುರಾದ ಹಿಂಗಾಲಿಗಳು ಮುಂಗಾಲಿಗಿಂತ ಮೊದಲೇ ಕಟ್ಟಿಕೊಳ್ಳುತ್ತವೆ. ಸೀಟು, ಕಾರ್ಪೆಟ್ ತೆಗೆದು ಹಿಂಭಾಗ ಇನ್ನಷ್ಟು ಹಗುರವಾಗಿರುವ ಸ್ಪರ್ಧೆಯ ಕಾರಿನಲ್ಲಿ ಈ ಅಪಾಯ ಹೆಚ್ಚು.

ಹಳದಿ ಎಬಿಎಸ್ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದೆ, ಹ್ಯಾಂಡ್‌ಬ್ರೇಕ್ ಇಳಿಸಿದೆ, ಬ್ರೇಕ್ ಎಣ್ಣೆಯ ಮಟ್ಟವೂ ಸರಿಯಿದೆ ಎಂದಾದರೆ ಇಬಿಡಿ ಇಲ್ಲವೆಂದೇ ತಿಳಿದು ಕಾರನ್ನು ನಿಲ್ಲಿಸಬೇಕು. ಸಡಿಲ ಮಣ್ಣಿನಲ್ಲಿ ಕಟ್ಟಿಕೊಂಡ ಗಾಲಿಯ ಮುಂದೆ ಮಣ್ಣು ಗುಡ್ಡೆಯಾಗಿ ಕಾರು ಬೇಗ ನಿಲ್ಲುತ್ತದೆ, ಎಬಿಎಸ್ ಇದ್ದರೆ ನಿಲ್ಲುವ ದೂರ ಹೆಚ್ಚುತ್ತದೆ ಎಂದು ರ‍್ಯಾಲಿ ಚಾಲಕರು ಹೇಳುವುದು ನಿಜ. ಆದರೆ ಎಬಿಎಸ್ ಬೇಡವೆನ್ನುವವರು ಹಿಂಗಾಲಿಯ ಕೊಳವೆಗೆ ಕೈಯಿಂದ ಹೊಂದಿಸುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕಿಸಿಕೊಂಡ ಮೇಲೆಯೇ ಎಬಿಎಸ್ ತೆಗೆಯಬೇಕು. ಬರೀ ಫ್ಯೂಸ್ ಕೀಳುವುದು ಅದಕ್ಕೆ ಬದಲಿಯಾಗುವುದಿಲ್ಲ.

ದೀಪ ಹೇಳುವುದು, ತಿರುವು ಹೇಳುವುದು

ದೀಪ ಮಿಣುಕಿದರೆ ವ್ಯವಸ್ಥೆ ಆರೋಗ್ಯವಾಗಿದ್ದು ಆ ಕ್ಷಣ ಕೆಲಸ ಮಾಡುತ್ತಿದೆ ಎಂದರ್ಥ. ಸ್ಥಿರವಾಗಿ ಉರಿದರೆ ತನ್ನಲ್ಲಿಯೇ ದೋಷ ಕಂಡು ಕೆಲಸ ನಿಲ್ಲಿಸಿದೆ ಎಂದರ್ಥ. ಇವೆರಡನ್ನೂ ಒಂದೇ ದೂರಾಗಿ ವರ್ಕ್‌ಷಾಪಿಗೆ ಒಯ್ದರೆ ಹುಡುಕಾಟ ದಿಕ್ಕು ತಪ್ಪುತ್ತದೆ. ನಮ್ಮ ಕಾರಿನಲ್ಲಿ ಎರಡೂ ಬಂದಿದ್ದವು, ಎರಡಕ್ಕೂ ಕಾರಣ ಬೇರೆ ಬೇರೆಯಾಗಿತ್ತು.

ಮಿಣುಕುವ ದೀಪದ ಮೂಲ ಹುಡುಕಲು ಇಎಸ್‌ಸಿ ಹೇಗೆ ಯೋಚಿಸುತ್ತದೆಂದು ತಿಳಿದಿರಬೇಕು. ಅದು ಸದಾ ಎರಡು ಅಂಕೆಗಳನ್ನು ಹೋಲಿಸುತ್ತಿರುತ್ತದೆ. ಸ್ಟಿಯರಿಂಗ್ ಕೋನ ಮತ್ತು ವೇಗದಿಂದ, ಈ ಕಾರು ಈಗ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗಬೇಕು ಎಂದು ಲೆಕ್ಕ ಹಾಕಿದ ಗುರಿ ಒಂದು. ಕಾರಿನ ನಡುವೆ ಕೂತ ‘ಯಾ’ (yaw, ಕಾರು ತಿರುಗುವ ವೇಗ) ಸೆನ್ಸರ್ ಅಳೆದು ಹೇಳಿದ ನಿಜವಾದ ತಿರುಗುವ ವೇಗ ಇನ್ನೊಂದು. ಗುರಿಗಿಂತ ಕಾರು ಕಡಿಮೆ ತಿರುಗಿದರೆ ಅಂಡರ್‌ಸ್ಟಿಯರ್ ಎಂದು ತೀರ್ಮಾನಿಸಿ ತಿರುವಿನ ಒಳಬದಿಯ ಹಿಂಗಾಲಿಗೆ ಬ್ರೇಕ್ ಹಾಕಿ ಎಂಜಿನ್ ಶಕ್ತಿಯನ್ನು ತಗ್ಗಿಸುತ್ತದೆ. ಗುರಿಗಿಂತ ಹೆಚ್ಚು ತಿರುಗಿದರೆ ಓವರ್‌ಸ್ಟಿಯರ್ ಎಂದು ತೀರ್ಮಾನಿಸಿ ಹೊರಬದಿಯ ಮುಂಗಾಲಿಗೆ ಬ್ರೇಕ್ ಹಾಕುತ್ತದೆ. ಬಲತಿರುವಿನಲ್ಲಿ ನಮಗೆ ಕೇಳಿಸಿದ್ದು ಬಲ ಹಿಂಗಾಲಿಯ ಸದ್ದು, ಜೊತೆಗೆ ಎಂಜಿನ್ ಸೊರಗಿತು. ಅಂದರೆ ಘಟಕಕ್ಕೆ ಕಂಡದ್ದು ಅಂಡರ್‌ಸ್ಟಿಯರ್.

ಇಲ್ಲಿಂದ ಮುಂದೆ ನಮಗೆ ದಾರಿ ತೋರಿಸಿದ್ದು ಎಡ ಬಲದ ಭೇದ. ಒಂದು ಕಡೆಯ ತಿರುವಿನಲ್ಲಿ ಮಾತ್ರ ಇಎಸ್‌ಸಿ ತಪ್ಪಾಗಿ ಮಧ್ಯೆ ಬಂದರೆ ಯಾವುದೋ ಸೆನ್ಸರಿನ ಸೊನ್ನೆ ಸರಿದಿದೆ ಎಂದು ಹಿಡಿಯಬೇಕು, ಏಕೆಂದರೆ ಸರಿದ ಸೊನ್ನೆ ಒಂದು ದಿಕ್ಕಿನಲ್ಲಿ ತಪ್ಪನ್ನು ಕೂಡಿಸಿ ಇನ್ನೊಂದು ದಿಕ್ಕಿನಲ್ಲಿ ಕಳೆಯುತ್ತದೆ. ಎರಡೂ ಕಡೆ ಸಮನಾಗಿ ಮಧ್ಯೆ ಬಂದರೆ ಅಳತೆಗಳು ಸರಿಯಿದ್ದು, ಘಟಕದೊಳಗಿನ ಕಾರಿನ ಮಾದರಿ ಮತ್ತು ನಿಮ್ಮ ಕೈಯಲ್ಲಿರುವ ಕಾರು ಬೇರೆಯಾಗಿವೆ. ತಿರುವಿಗೂ ದಿಕ್ಕಿಗೂ ಸಂಬಂಧವಿಲ್ಲದೆ ಗುಂಡಿ ಹಾರಿದಾಗ, ನೀರು ದಾಟಿದಾಗ, ಕಾರು ಬಿಸಿಯಾದಾಗ ಬಂದುಹೋದರೆ ತಂತಿ, ಕನೆಕ್ಟರ್, ಗಾಲಿಯ ಸೆನ್ಸರ್ ಕಡೆ ನೋಡಬೇಕು. ಈ ಭೇದವನ್ನು ತಿಳಿಯಲು ಒಂದೇ ತಿರುವನ್ನು ಎರಡೂ ದಿಕ್ಕಿನಿಂದ, ಒಂದೇ ವೇಗದಲ್ಲಿ, ಐದೈದು ಬಾರಿ ಓಡಿಸಿದರೆ ಸಾಕು. ನಾವು ಗದ್ದೆಯಲ್ಲಿ ನಾಲ್ಕು ಕೋನ್ ಇಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದೆವು. ಓಟ ಮುಗಿದ ತಕ್ಷಣ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಾಲ್ಕೂ ಬ್ರೇಕುಗಳ ಬಿಸಿ ನೋಡಿದರೆ ಯಾವ ಮೂಲೆ ಹೆಚ್ಚು ಕೆಲಸ ಮಾಡಿದೆ ಎಂಬುದು ಸ್ಕ್ಯಾನರ್ (ಘಟಕದ ದೋಷ ಮತ್ತು ಅಂಕೆಗಳನ್ನು ಓದುವ ಉಪಕರಣ) ಇಲ್ಲದೆಯೂ ಗೊತ್ತಾಗುತ್ತದೆ. ನಮ್ಮ ಕಾರಿನಲ್ಲಿ ಬಲ ಹಿಂಗಾಲಿಯ ಪ್ಯಾಡು ಎಡದ್ದಕ್ಕಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚು ಸವೆದಿತ್ತು.

ಒಂದು ಪ್ರಶ್ನೆ ನನ್ನನ್ನು ಕಾಡಿತ್ತು. ಸೊನ್ನೆ ಸರಿದಿದ್ದರೆ ಎಡತಿರುವಿನಲ್ಲಿ ಓವರ್‌ಸ್ಟಿಯರ್ ಎಂಬ ತಪ್ಪು ತೀರ್ಮಾನ ಬರಬೇಕಿತ್ತಲ್ಲ, ಅಲ್ಲೇಕೆ ಕಾರು ಸುಮ್ಮನಿತ್ತು? ಮುಂಗಾಲಿ ಚಾಲನೆಯ ಕಾರು ಮಣ್ಣಿನಲ್ಲಿ ಎರಡೂ ಕಡೆಗೆ ಸ್ವಲ್ಪ ಅಂಡರ್‌ಸ್ಟಿಯರ್ ಆಗಿಯೇ ಹೋಗುತ್ತದೆ. ಬಲತಿರುವಿನಲ್ಲಿ ಆ ಸಹಜ ಗುಣಕ್ಕೆ ಸೆನ್ಸರಿನ ತಪ್ಪು ಕೂಡಿಕೊಂಡಿತು, ಎಡತಿರುವಿನಲ್ಲಿ ಅದೇ ಗುಣ ತಪ್ಪನ್ನು ಮುಚ್ಚಿಹಾಕಿತು. ಡಾಂಬರಿನ ಮೇಲೆ ಓಡಿಸಿದ್ದರೆ ಎರಡು ಕಡೆಯೂ ಎರಡು ಬಗೆಯ ತೊಂದರೆ ಕಾಣುತ್ತಿತ್ತು.

ಗಾಲಿಯ ವೇಗದ ಸೆನ್ಸರ್

ಸ್ಥಿರವಾಗಿ ಉರಿದ ದೀಪದ ಕಾರಣವನ್ನು ಮೊದಲು ನಿವಾರಿಸಿಕೊಳ್ಳಬೇಕು, ಏಕೆಂದರೆ ಘಟಕ ಕೆಲಸ ನಿಲ್ಲಿಸಿದ್ದರೆ ಉಳಿದ ಪರೀಕ್ಷೆಗಳನ್ನು ಮಾಡಲಾಗುವುದಿಲ್ಲ. ಸ್ಕ್ಯಾನರ್ ಎಡ ಹಿಂಗಾಲಿಯ ಸಂಕೇತ ಕಡಿಯುತ್ತಿದೆ ಎಂದು ತೋರಿಸಿತು. ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳಿಸಿ ನಾಲ್ಕೂ ಗಾಲಿಯ ವೇಗವನ್ನು ಒಟ್ಟಿಗೆ ದಾಖಲಿಸಿದಾಗ ಮೂರು ಗೆರೆಗಳು ಒಂದರ ಮೇಲೊಂದು ಹೋದರೆ ನಾಲ್ಕನೆಯದು ಆಗಾಗ ಸೊನ್ನೆಗೆ ಬಿದ್ದು ಏಳುತ್ತಿತ್ತು.

ಇಲ್ಲಿ ಹಲವರು ಮಾಡುವ ತಪ್ಪೆಂದರೆ ಮಲ್ಟಿಮೀಟರ್ ಹಿಡಿದು ಸೆನ್ಸರಿನ ಓಮ್ ನೋಡುವುದು. ಸುರುಳಿ ಸುತ್ತಿದ ಹಳೆಯ ಸೆನ್ಸರಿಗೆ ಅದು ಸರಿ. ಈಗಿನ ಎರಡು ತಂತಿಯ ಆಕ್ಟಿವ್ ಸೆನ್ಸರು 7 ಮಿಲಿಆಂಪಿಯರ್ ಮತ್ತು 14 ಮಿಲಿಆಂಪಿಯರ್ ಎಂಬ ಎರಡು ಮಟ್ಟಗಳ ನಡುವೆ ಕರೆಂಟನ್ನು ಬದಲಿಸುತ್ತ ಸಂಕೇತ ಕಳಿಸುತ್ತದೆ. ಅದರ ಓಮ್ ನೋಡಿ ಏನೂ ತಿಳಿಯುವುದಿಲ್ಲ, ಸೆನ್ಸರು ಕೆಡಲೂಬಹುದು. ಅದರ ಎದುರಿನ ಹಲ್ಲುಚಕ್ರವೂ ಈಗ ಹಲವು ಕಾರುಗಳಲ್ಲಿ ಇಲ್ಲ, ವೀಲ್ ಬೇರಿಂಗಿನ ಸೀಲಿನಲ್ಲಿಯೇ ಕಣ್ಣಿಗೆ ಕಾಣದ ಅಯಸ್ಕಾಂತದ ಉಂಗುರ ಅಡಗಿರುತ್ತದೆ. ಬೇರಿಂಗ್ ಬದಲಿಸುವಾಗ ಅದನ್ನು ತಿರುಗುಮುರುಗಾಗಿ ಒತ್ತಿ ಕೂರಿಸಿದರೆ ಉಂಗುರ ಸೆನ್ಸರಿನ ಎದುರು ಬಾರದೆ ಸಂಕೇತವೇ ಇಲ್ಲದಾಗುತ್ತದೆ. ಪೇಪರ್ ಕ್ಲಿಪ್ಪಿನ ತುದಿಯನ್ನು ಹತ್ತಿರ ಹಿಡಿದು ಅಯಸ್ಕಾಂತ ಯಾವ ಬದಿಯಲ್ಲಿದೆ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ಕಾರಿನಲ್ಲಿ ಬೇರಿಂಗ್ ಸರಿಯಾಗಿಯೇ ಕೂತಿತ್ತು. ಆದರೆ ಆ ಉಂಗುರದ ಮೇಲೆ ಕಪ್ಪು ಮೀಸೆಯಂತೆ ಲೋಹದ ಪುಡಿ ಅಂಟಿಕೊಂಡಿತ್ತು. ಗಟ್ಟಿ ಪ್ಯಾಡು ಡಿಸ್ಕನ್ನು ಉಜ್ಜಿ ಉದುರಿಸಿದ ಪುಡಿ ಅದು. ಮೆತ್ತನೆಯ ಬ್ರಷ್ಷಿನಿಂದ ಅದನ್ನು ತೆಗೆದು, ಕೆಂಪುಮಣ್ಣಿನ ನೀರು ಒಣಗಿ ಹಕ್ಕಳೆಯಾಗಿದ್ದ ಕನೆಕ್ಟರನ್ನು ತೊಳೆದು ಒಣಗಿಸಿ, ತಂತಿಯನ್ನು ಸಸ್ಪೆನ್ಷನ್ ಪೂರ್ತಿ ಇಳಿದಾಗಲೂ ಬಿಗಿಯಾಗದಂತೆ ಕಟ್ಟಿದ ಮೇಲೆ ಸ್ಥಿರ ದೀಪ ಮತ್ತೆ ಬರಲಿಲ್ಲ. ಎತ್ತರ ಬದಲಿಸಿದ ಸಸ್ಪೆನ್ಷನ್ ಇರುವವರೆಲ್ಲ ಆ ತಂತಿಯನ್ನು ಕಾರು ಎತ್ತಿ ನಿಲ್ಲಿಸಿಯೇ ನೋಡಬೇಕು.

ಸೊನ್ನೆ ಸರಿದಿದೆಯೇ: ಕಾಫಿ ಕಣದ ಪರೀಕ್ಷೆ

ಸೊನ್ನೆ ಪರೀಕ್ಷೆಗೆ ಸಮತಟ್ಟಾದ ನೆಲ ಬೇಕು, ಕೊಡಗಿನಲ್ಲಿ ಸಿಗದ ವಸ್ತು ಅದೊಂದೇ. ನಮಗಿದ್ದ ಅತ್ಯಂತ ಸಮನಾದ ಜಾಗ ಮನೆಯ ಮುಂದಿನ ಸಿಮೆಂಟ್ ಕಾಫಿ ಕಣ. ಆದರೆ ಮಳೆನೀರು ನಿಲ್ಲಬಾರದೆಂದು ಕಣವನ್ನೂ ಗಾರೆಯವರು ತುಸು ವಾಟವಾಗಿಯೇ ಕಟ್ಟಿರುತ್ತಾರೆ. ರಸಮಟ್ಟ ಇಟ್ಟು ನೋಡಿದಾಗ ಗುಳ್ಳೆ ಗೆರೆ ದಾಟಿ ನಿಂತಿತು. ಅಡ್ಡವಾಲಿದ ನೆಲದ ಮೇಲೆ ನಿಂತ ಕಾರಿನ ಪಾರ್ಶ್ವ ವೇಗೋತ್ಕರ್ಷ ಸೆನ್ಸರ್ (ತಿರುವಿನಲ್ಲಿ ಕಾರು ಎಷ್ಟು ಬಲವಾಗಿ ಪಕ್ಕಕ್ಕೆ ಎಳೆಯಲ್ಪಡುತ್ತದೆಂದು ಅಳೆಯುವುದು) ನಿಂತಲ್ಲಿಯೇ ಒಂದು ಅಂಕೆ ತೋರಿಸುತ್ತದೆ; ಅದು ನೆಲದ ವಾಟವೋ ಸೆನ್ಸರಿನ ತಪ್ಪೋ ಹೇಳುವುದು ಹೇಗೆ?

ಇದಕ್ಕೆ ಸುಲಭವಾದ ಉಪಾಯವಿದೆ. ಟೈರುಗಳ ಗಾಳಿ ಸಮ ಮಾಡಿ ಕಾರನ್ನು ವಾಟಕ್ಕೆ ಅಡ್ಡಲಾಗಿ ನಿಲ್ಲಿಸಿ, ನಾಲ್ಕು ಗಾಲಿ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಳಗೆ ಯಾರೂ ಕೂರದೆ ಅಂಕೆಯನ್ನು ಬರೆದುಕೊಳ್ಳಬೇಕು. ಆಮೇಲೆ ಕಾರಿನ ಮುಖವನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿ ಅದೇ ನಾಲ್ಕು ಗುರುತುಗಳ ಮೇಲೆ ನಿಲ್ಲಿಸಿ ಮತ್ತೆ ಬರೆದುಕೊಳ್ಳಬೇಕು. ಕಾರು ತಿರುಗಿದಾಗ ನೆಲದ ವಾಟದ ಪಾಲು ಚಿಹ್ನೆ ಬದಲಿಸುತ್ತದೆ, ಸೆನ್ಸರಿನ ತಪ್ಪಿನ ಪಾಲು ಬದಲಾಗುವುದಿಲ್ಲ. ಹಾಗಾಗಿ ಎರಡು ಅಂಕೆಗಳನ್ನು ಕೂಡಿ ಅರ್ಧ ಮಾಡಿದರೆ ಸೆನ್ಸರಿನ ತಪ್ಪು, ಕಳೆದು ಅರ್ಧ ಮಾಡಿದರೆ ನೆಲದ ವಾಟ. ನಮಗೆ ಮೊದಲ ಸಲ 0.62, ಎರಡನೆಯ ಸಲ 0.20 ಮೀಟರ್ ಪ್ರತಿ ಸೆಕೆಂಡ್ ವರ್ಗ ಬಂತು. ನೆಲದ ಪಾಲು 0.21, ಅಂದರೆ ನೂರು ಅಡಿಗೆ ಎರಡು ಅಡಿ ವಾಟ. ರಸಮಟ್ಟ ಹೇಳಿದ್ದೂ ಅದನ್ನೇ. ಸೆನ್ಸರಿನ ಪಾಲು 0.41, ಅಂದರೆ ಸೆನ್ಸರು ಸುಮಾರು 2.4 ಡಿಗ್ರಿ ವಾಲಿ ಕೂತಿದೆ.

ಕನ್ಸೋಲ್ ಇದ್ದ ಜಾಗದಲ್ಲಿ ಟಾರ್ಚ್ ಹಿಡಿದು ನೋಡಿದಾಗ ಅದು ಕಣ್ಣಿಗೇ ಕಂಡಿತು. ಯಾ ಸೆನ್ಸರ್ ಮತ್ತು ಪಾರ್ಶ್ವ ಸೆನ್ಸರ್ ಎರಡೂ ಇರುವ ಕಪ್ಪು ಡಬ್ಬಿಯನ್ನು ಹಿಡಿದ ತಗಡಿನ ಬ್ರಾಕೆಟ್ಟು ಒಂದು ಬದಿಗೆ ಬಾಗಿತ್ತು. ಎರಡು ಬೋಲ್ಟುಗಳಲ್ಲಿ ಒಂದು ಇರಲೇ ಇಲ್ಲ, ಅದರ ತೂತಿನ ಸುತ್ತ ಬಣ್ಣ ತಿಕ್ಕಿ ಹೊಳೆಯುತ್ತಿತ್ತು. ಕಾರ್ಪೆಟ್ ಎಳೆದು ತೆಗೆಯುವಾಗ ಬಾಗಿದ್ದನ್ನು ಗಮನಿಸದೆ ಹಾಗೆಯೇ ಬಿಗಿದಿದ್ದೆವು. ಇದರ ಪರಿಣಾಮ ಏನೆಂದರೆ, ಬಲತಿರುವಿನಲ್ಲಿ ಟೈರಿಗೆ ಇರುವುದಕ್ಕಿಂತ ಹೆಚ್ಚು ಹಿಡಿತವಿದೆ ಎಂದು ಘಟಕ ನಂಬುತ್ತಿತ್ತು. ಜಾರುವ ನೆಲದಲ್ಲಿ ತನ್ನ ಗುರಿಯನ್ನು ತಗ್ಗಿಸಿಕೊಳ್ಳಬೇಕಾದ ಅದು ಬಲಕ್ಕೆ ತಿರುಗುವಾಗ ತಗ್ಗಿಸಿಕೊಳ್ಳದೆ, ಕಾರು ತನ್ನ ಗುರಿ ಮುಟ್ಟುತ್ತಿಲ್ಲವೆಂದು ಬ್ರೇಕ್ ಹಿಡಿಯುತ್ತಿತ್ತು.

ಎರಡನೆಯ ತಪ್ಪು ಸ್ಟಿಯರಿಂಗಿನಲ್ಲಿತ್ತು. ಅಲೈನ್‌ಮೆಂಟ್ ಆದ ಮೇಲೆ ಸ್ಟಿಯರಿಂಗ್ ಓರೆಯಾಗಿ ಕಂಡಿತೆಂದು ಚಕ್ರವನ್ನೇ ಬಿಚ್ಚಿ ಒಂದು ಹಲ್ಲು ಸರಿಸಿ ಕೂರಿಸಿ, ಉಳಿದದ್ದನ್ನು ಟೈ ರಾಡಿನಲ್ಲಿ ಹೊಂದಿಸಿದ್ದೆವು. ಕಣ್ಣಿಗೆ ನೇರ ಕಂಡಿತು, ಆದರೆ ನೇರವಾಗಿ ತೆವಳುವಾಗ ಸ್ಕ್ಯಾನರಿನಲ್ಲಿ ಸ್ಟಿಯರಿಂಗ್ ಕೋನ ಬಲಕ್ಕೆ 7 ಡಿಗ್ರಿ ತೋರಿಸುತ್ತಿತ್ತು. ಏಳು ಡಿಗ್ರಿ ಎಷ್ಟರದು ಎನ್ನಿಸಬಹುದು. ಸ್ಟಿಯರಿಂಗ್ ಅನುಪಾತ 15 ಎಂದಿಟ್ಟುಕೊಂಡರೆ ಗಾಲಿಯಲ್ಲಿ ಅದು ಅರ್ಧ ಡಿಗ್ರಿಗೂ ಕಡಿಮೆ. ಆದರೂ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಗುರಿ ಸೆಕೆಂಡಿಗೆ ಸುಮಾರು 2 ಡಿಗ್ರಿಯಷ್ಟು ತಪ್ಪುತ್ತದೆ, ಮತ್ತು ಇಎಸ್‌ಸಿ ಮಧ್ಯೆ ಬರುವುದೇ ಸೆಕೆಂಡಿಗೆ ಕೆಲವೇ ಡಿಗ್ರಿಗಳ ವ್ಯತ್ಯಾಸ ಕಂಡಾಗ. ಎಷ್ಟೋ ಕಾರುಗಳಲ್ಲಿ ಘಟಕ ನೇರ ರಸ್ತೆಯಲ್ಲಿ ಓಡುತ್ತ ಓಡುತ್ತ ಸಣ್ಣ ತಪ್ಪನ್ನು ತಾನೇ ಕಲಿತು ಸರಿಪಡಿಸಿಕೊಳ್ಳುತ್ತದೆ. ಗದ್ದೆಯಲ್ಲಿ ಸುತ್ತುವ ಕಾರಿಗೆ ನೇರ ಓಟ ಎಲ್ಲಿಂದ ಸಿಗಬೇಕು?

ಬ್ರಾಕೆಟ್ಟನ್ನು ಹೊಸದಾಗಿ ಹಾಕಿ ಎರಡೂ ಬೋಲ್ಟ್ ಬಿಗಿದು, ಮೊದಲು ಯಾಂತ್ರಿಕವಾಗಿ ಸ್ಟಿಯರಿಂಗ್ ನಡು ಸರಿಮಾಡಿ, ಆಮೇಲೆ ಸ್ಕ್ಯಾನರಿನಿಂದ ಸ್ಟಿಯರಿಂಗ್ ಕೋನ, ಪಾರ್ಶ್ವ ಸೆನ್ಸರ್, ಬ್ರೇಕ್ ಒತ್ತಡದ ಸೆನ್ಸರ್ ಮೂರರ ಸೊನ್ನೆಯನ್ನು ಹೊಸದಾಗಿ ಕಲಿಸಿದೆವು. ಪಾರ್ಶ್ವ ಸೆನ್ಸರಿಗೆ ಸೊನ್ನೆ ಕಲಿಸುವ ಮುನ್ನ ಕೆಳಬದಿಯ ಗಾಲಿಗಳ ಅಡಿಗೆ ಹಲಗೆ ಇಟ್ಟು ಕಾರನ್ನು ರಸಮಟ್ಟಕ್ಕೆ ತಂದುಕೊಂಡೆವು. ಬಾಗಿದ ಬ್ರಾಕೆಟ್ಟನ್ನು ಹಾಗೆಯೇ ಬಿಟ್ಟು ಸೊನ್ನೆ ಕಲಿಸಿದರೆ ಒಂದು ದಿನ ಸರಿಹೋದಂತೆ ಕಂಡು, ಮೊದಲ ಗುಂಡಿಗೆ ಮತ್ತೆ ಸರಿಯುತ್ತದೆ. ಇಷ್ಟಾದ ಮೇಲೆ ಮತ್ತೆ ಐದೈದು ಬಾರಿ ತಿರುಗಿಸಿದಾಗ ಎಡ ಬಲದ ಭೇದ ಹೋಗಿತ್ತು. ಇಎಸ್‌ಸಿ ಇನ್ನೂ ಬೇಗನೆಯೇ ಮಧ್ಯೆ ಬರುತ್ತಿತ್ತು, ಆದರೆ ಎರಡೂ ಕಡೆ ಸಮನಾಗಿ. ಕೋಡಿಂಗ್, ಅಂದರೆ ಘಟಕದೊಳಗೆ ಬರೆದಿಟ್ಟ ಅಂಕೆಗಳನ್ನು, ಮುಟ್ಟುವ ಹಕ್ಕು ನಮಗೆ ಬಂದದ್ದು ಆಗಲೇ ಎಂದು ನಾನು ಭಾವಿಸುತ್ತೇನೆ.

ಘಟಕ ನೆನಪಿಟ್ಟುಕೊಂಡ ಕಾರು

ಘಟಕದೊಳಗಿನ ಮಾದರಿಯಲ್ಲಿ ಮುಂಗಾಲಿ ಹಿಂಗಾಲಿಗಳ ನಡುವಿನ ಉದ್ದ, ಸ್ಟಿಯರಿಂಗ್ ಅನುಪಾತ, ಟೈರಿನ ಸುತ್ತಳತೆ, ಬ್ರೇಕಿನ ಗುಣ, ಮತ್ತು ಕಾರಿನ ಅಂಡರ್‌ಸ್ಟಿಯರ್ ಪ್ರವೃತ್ತಿಯನ್ನು ಹೇಳುವ ಕ್ಯಾರಕ್ಟರಿಸ್ಟಿಕ್ ವೇಗ ಎಂಬ ಅಂಕೆ (ಇದು ಹೆಚ್ಚಿದಷ್ಟೂ ಅಂಡರ್‌ಸ್ಟಿಯರ್ ಕಡಿಮೆ) ಇರುತ್ತವೆ. ಕೊನೆಯದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಉದ್ದ 2.46 ಮೀಟರ್, ವೇಗ ಗಂಟೆಗೆ 54 ಕಿಲೋಮೀಟರ್, ಸ್ಟಿಯರಿಂಗ್ 90 ಡಿಗ್ರಿ, ಅಂದರೆ ಗಾಲಿಯಲ್ಲಿ 6 ಡಿಗ್ರಿ ತಿರುಗಿದೆ ಎನ್ನೋಣ. ಕ್ಯಾರಕ್ಟರಿಸ್ಟಿಕ್ ವೇಗ ಸುಮಾರು 80 ಕಿಲೋಮೀಟರ್ ಆಗಿರುವ ಮಾಮೂಲಿ ಕಾರು ಸೆಕೆಂಡಿಗೆ 25 ಡಿಗ್ರಿ ತಿರುಗಬೇಕು. ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿ ಆ ವೇಗವನ್ನು 108ಕ್ಕೆ ಏರಿಸಿದ ಸ್ಪರ್ಧೆಯ ಕಾರು ಡಾಂಬರಿನ ಮೇಲೆ ಅದೇ ಸ್ಟಿಯರಿಂಗಿಗೆ 29 ಡಿಗ್ರಿ ತಿರುಗುತ್ತದೆ. ಚಾಲಕನಿಗೆ ಅದು ಚುರುಕು, ಇಎಸ್‌ಸಿಗೆ ಅದು ಓವರ್‌ಸ್ಟಿಯರ್. ಹೀಗೆ ಡಾಂಬರಿನಲ್ಲಿ ಎರಡೂ ತಿರುವಿನಲ್ಲಿ ಹೊರ ಮುಂಗಾಲಿ ಬಿಸಿಯಾಗುತ್ತಿದ್ದರೆ ಮಾದರಿ ಹೊಂದುತ್ತಿಲ್ಲ ಎಂದು ತಿಳಿಯಬೇಕು.

ಟೈರಿನ ವಿಷಯದಲ್ಲಿ ನಾಲ್ಕೂ ಒಂದೇ ಅಳತೆಯಲ್ಲಿದ್ದರೆ ತೊಂದರೆ ಕಡಿಮೆ. 185/60 ಆರ್15 ಟೈರಿನ ಸುತ್ತಳತೆ ಸುಮಾರು 1894 ಮಿಲಿಮೀಟರ್, 195/50 ಆರ್15ರದು ಸುಮಾರು 1810. ಅಂದರೆ ಶೇಕಡಾ 4ಕ್ಕಿಂತ ಹೆಚ್ಚಿನ ಇಳಿಕೆ. ಇದನ್ನು ಕೋಡಿಂಗಿನಲ್ಲಿ ಸರಿಪಡಿಸಬಹುದು. ಮುಂದೆ ಸವೆದ ಟೈರು, ಹಿಂದೆ ಹೊಸ ಟೈರು ಹಾಕಿದ್ದರೆ ಕೋಡಿಂಗ್‌ನಿಂದ ಉಪಯೋಗವಿಲ್ಲ. ಟೈರಿನ ಟ್ರೆಡ್ ದಪ್ಪದಲ್ಲಿ 4 ಮಿಲಿಮೀಟರ್ ವ್ಯತ್ಯಾಸವಿದ್ದರೂ ಮುಂಗಾಲಿಗಳು ಸದಾ ಶೇಕಡಾ 1.3ರಷ್ಟು ಹೆಚ್ಚು ತಿರುಗಿ, ಜಾರದಿದ್ದರೂ ಜಾರುತ್ತಿವೆ ಎಂದು ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನನ್ನು ಬೇಗನೆ ತಡೆಯುತ್ತದೆ. ಎರಡು ತಂಡದ ಟೈರುಗಳನ್ನು ಬೆರೆಸಿ ಹಾಕಬಾರದು.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿದ ಮೇಲೆ ಜಾರುವ ಗಾಲಿಗೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುವ ಕಾರ್ಖಾನೆಯ ಏರ್ಪಾಡು ಬೇಕಿಲ್ಲ, ಎರಡೂ ಒಂದೇ ಕೆಲಸಕ್ಕೆ ಕೈಹಾಕಿ ಪರಸ್ಪರ ಕಾದಾಡುತ್ತವೆ. ಕೋಡಿಂಗಿನಲ್ಲಿ ಅದನ್ನು ಪ್ರತ್ಯೇಕವಾಗಿ ನಿಲ್ಲಿಸಲು ಸಾಧ್ಯವಿದ್ದರೆ ನಿಲ್ಲಿಸಬೇಕು.

ಬ್ರೇಕ್ ಪ್ಯಾಡಿನ ಪ್ರಭಾವವನ್ನು ಬಹಳ ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಷ್ಟು ಒತ್ತಡಕ್ಕೆ ಇಷ್ಟು ಹಿಡಿತ ಎಂದು ಘಟಕ ಲೆಕ್ಕ ಹಾಕಿರುತ್ತದೆ. ಘರ್ಷಣೆಯ ಅಂಕೆ 0.38 ಇರುವ ಪ್ಯಾಡಿನ ಬದಲು 0.48ರದ್ದು ಹಾಕಿದರೆ ಅದೇ ಒತ್ತಡಕ್ಕೆ ಕಾಲು ಭಾಗಕ್ಕೂ ಹೆಚ್ಚು ಹಿಡಿತ ಬಂದು, ಇಎಸ್‌ಸಿ ಒಮ್ಮೆ ಹೆಚ್ಚು ಎಳೆದು, ಬಿಟ್ಟು, ಮತ್ತೆ ಎಳೆಯುತ್ತದೆ. ಕಾರಿನ ಮೂಗು ತಿರುವಿನ ಉದ್ದಕ್ಕೂ ಒಳಗೆ ಹೊರಗೆ ತೂಗಾಡಿದರೆ ಪ್ಯಾಡು ನೋಡಬೇಕು. ನಾವು ಹಿಂದಕ್ಕೆ ಕಾರ್ಖಾನೆಯ ಪ್ಯಾಡನ್ನೇ ಮರಳಿ ಹಾಕಿದೆವು, ತೂಗಾಟ ಅಲ್ಲಿಗೆ ಮುಗಿಯಿತು.

ಮಿತಿಗಳನ್ನು ಬದಲಿಸುವುದು

ಅಳತೆ ಸರಿಯಾದ ಮೇಲೆ, ಮಾದರಿ ಆದಷ್ಟು ಹತ್ತಿರ ಬಂದ ಮೇಲೆ ಮಾತ್ರ ಇಎಸ್‌ಸಿ ಎಷ್ಟು ತಡವಾಗಿ ಬರಬೇಕೆಂಬುದನ್ನು ಹೊಂದಿಸಬೇಕು. ಹಲವು ಕಾರುಗಳ ಇಎಸ್‌ಸಿ ಆಫ್ ಗುಂಡಿ ಅದನ್ನು ಪೂರ್ತಿ ನಿಲ್ಲಿಸುವುದಿಲ್ಲ, ಬ್ರೇಕ್ ಒತ್ತಿದ ಕೂಡಲೇ ಅದು ಮರಳಿ ಬರುತ್ತದೆ. ಕೋಡಿಂಗಿನಲ್ಲಿ ಸ್ಪೋರ್ಟ್ ಎಂಬ ಹಂತ ದೊರೆತರೆ, ಎಬಿಎಸ್ ಮತ್ತು ಇಬಿಡಿ ಉಳಿಸಿಕೊಂಡು ಹೆಚ್ಚು ಜಾರಲು ಬಿಡುವ ಆ ಹಂತವೇ ಕ್ಲಬ್ ಮಟ್ಟದ ಸ್ಪರ್ಧೆಗೆ ಸರಿ. ಯಾವ ಅಂಕೆ ಮುಟ್ಟುವ ಮೊದಲೂ ಕಾರ್ಖಾನೆಯ ಕೋಡಿಂಗನ್ನು ಕಾಗದದಲ್ಲಿ ಬರೆದುಕೊಳ್ಳಬೇಕು, ಹೊಸ ಅಂಕೆಯನ್ನು ಬ್ಯಾಟರಿಗೆ ಚಾರ್ಜರ್ ಹಾಕಿಯೇ ಘಟಕಕ್ಕೆ ಬರೆಯಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಉದ್ದ, ತೂಕ ಬೇರೆಯಿರುವ ಇನ್ನೊಂದು ಕಾರಿನ ಕೋಡನ್ನು ತಂದು ಹಾಕುವುದು ಇನ್ನೊಬ್ಬರ ಕನ್ನಡಕ ಹಾಕಿಕೊಂಡಂತೆ. ಸ್ಪರ್ಧೆಯ ನಿಯಮಪುಸ್ತಕ ನಿಮ್ಮ ವರ್ಗದಲ್ಲಿ ಇಂಥ ಬದಲಾವಣೆಗೆ ಅವಕಾಶ ಕೊಡುತ್ತದೆಯೇ ಎಂದು ಮೊದಲೇ ಓದಿಕೊಳ್ಳಬೇಕು.

ಎಷ್ಟು ತಡ ಸಾಕು ಎಂಬುದಕ್ಕೆ ನಾನು ನೆಚ್ಚಿಕೊಂಡ ಗುರುತು ಒಂದಿದೆ. ಹಿಂಭಾಗ ಜಾರಿದಾಗ ಚಾಲಕ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿದ ಕ್ಷಣವೂ ಘಟಕ ಬ್ರೇಕ್ ಒತ್ತಡ ಕಟ್ಟಿದ ಕ್ಷಣವೂ ದಾಖಲೆಯಲ್ಲಿ ಕಾಣುತ್ತವೆ. ಚಾಲಕನಿಗಿಂತ ಮೊದಲು ಒತ್ತಡ ಬಂದರೆ ಮಿತಿ ಇನ್ನೂ ಬಿಗಿಯಾಗಿದೆ. ಚಾಲಕನ ತಿದ್ದುಪಡಿ ಫಲ ಕೊಟ್ಟು ಕಾರು ಮರಳುತ್ತಿರುವಾಗ ಒತ್ತಡ ಬಂದರೆ ಮಿತಿ ಅತಿಯಾಗಿ ಸಡಿಲವಾಗಿದೆ. ಆ ಬ್ರೇಕ್ ಕಾರನ್ನು ಎದುರು ದಿಕ್ಕಿಗೆ ಎಸೆಯುತ್ತದೆ. ಚಾಲಕ ಕೈ ತಿರುಗಿಸಿಯೂ ಕಾರು ಮರಳದಿದ್ದಾಗ ಮಾತ್ರ ಬರುವ ಬ್ರೇಕ್ ಒಳ್ಳೆಯದು. ಒಣ ಗದ್ದೆಗೆ ಹೊಂದಿಸಿದ ಮಿತಿಯನ್ನು ಮಳೆಯಲ್ಲಿ ಹಾಗೆಯೇ ಇಟ್ಟುಕೊಳ್ಳಬಾರದು. ಹಸಿ ಕೆಂಪುಮಣ್ಣಿನಲ್ಲಿ ನಾವು ಮಾಮೂಲಿ ಹಂತಕ್ಕೇ ಮರಳುತ್ತೇವೆ.

ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಹಾಕಿದವರು ಹಳೆಯ ಹ್ಯಾಂಡ್‌ಬ್ರೇಕಿನ ಸ್ವಿಚ್ಚನ್ನು ಹೊಸ ಹಿಡಿಗೆ ಜೋಡಿಸಿಕೊಳ್ಳುವುದು ಒಳ್ಳೆಯದು. ಹಲವು ಕಾರುಗಳಲ್ಲಿ ಆ ಸಂಕೇತ ಇಎಸ್‌ಸಿಗೂ ಹೋಗುತ್ತದೆ. ಅದಿಲ್ಲದಿದ್ದರೆ ಓಡುವ ಕಾರಿನಲ್ಲಿ ಎರಡು ಗಾಲಿ ಇದ್ದಕ್ಕಿದ್ದಂತೆ ನಿಂತದ್ದನ್ನು ಘಟಕ ಸೆನ್ಸರಿನ ದೋಷವೆಂದು ಬಗೆದು ಸ್ಥಿರ ದೀಪ ಹತ್ತಿಸಬಹುದು.

ಇಷ್ಟೆಲ್ಲ ಬದಲಾದ ಕಾರು ಸಾರ್ವಜನಿಕ ರಸ್ತೆಗೆ ಇಳಿಯಬಾರದು. ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ನಮ್ಮದು ಟ್ರೈಲರ್ ಮೇಲೆ ಹೋಗಿ ಬರುತ್ತದೆ. ಪ್ರತಿ ಓಟದ ಬೆಳಿಗ್ಗೆ ಅದನ್ನು ಟ್ರೈಲರಿನಿಂದ ಇಳಿಸಿ ಕೀಲಿ ತಿರುಗಿಸಿ, ಇಎಸ್‌ಸಿ, ಎಬಿಎಸ್, ಕೆಂಪು ಬ್ರೇಕ್ ದೀಪ ಮೂರೂ ಹತ್ತಿ ಕೆಲವು ಸೆಕೆಂಡಿನಲ್ಲಿ ಆರುವುದನ್ನು ನೋಡುತ್ತೇವೆ. ಆಮೇಲೆ ಕಾರನ್ನು ನೇರವಾಗಿ ತೆವಳಿಸಿ ಸ್ಟಿಯರಿಂಗ್ ಕೋನದ ಅಂಕೆ ಸೊನ್ನೆಯ ಹತ್ತಿರವಿದೆಯೇ ಎಂದು ಸ್ಕ್ಯಾನರಿನಲ್ಲಿ ಓದಿ, ವೇಗ ತುಸು ಏರಿದಾಗ ಪಂಪು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಗುರ್ ಎಂಬ ಚಿಕ್ಕ ಸದ್ದಿಗೆ ಕಿವಿಗೊಡುತ್ತೇವೆ. ಆ ಸದ್ದು ಕೇಳಿಸದ ದಿನ ಹೆಲ್ಮೆಟ್ ಹಾಕುವ ಮೊದಲು ಬಾನೆಟ್ ತೆಗೆಯುತ್ತೇವೆ.